ದಿವಾನರ ಮುನಿಸು

ಬಂದವರು ಹಿರಿಯ ಮುತ್ತೈದೆ. ಮೊಮ್ಮಗಳ ಲಗ್ನಪತ್ರಿಕೆಯನ್ನೂ ಕುಂಕುಮದ ಭರಣಿಯನ್ನೂ ಹಿಡಿದು, ಬೆಂಗಳೂರಿನ ಬನಶಂಕರಿಯ ಆ ವಸತಿಸಮುಚ್ಚಯದ ಮೂರನೆಯ ಅಂತಸ್ತಿಗೆ ಲಿಫ್ಟಿನಲ್ಲಿ ಏರಿ ಬಂದಿದ್ದರು. ಬಾಗಿಲು ತೆರೆದ ಗೃಹಿಣಿ, "ಬನ್ನಿ ಬನ್ನಿ, ಎಷ್ಟು ಅಪರೂಪವಾಗಿಬಿಟ್ಟಿರಿ" ಎಂದು ಬರಮಾಡಿಕೊಂಡಳು. ಅವರು ಚಪ್ಪಲಿ ಕಳಚಿ ಒಳಗೆ ಎರಡು ಹೆಜ್ಜೆ ಇಟ್ಟರು. ಮೂರನೆಯ ಹೆಜ್ಜೆಗೆ ನಿಂತರು. ಸೆರಗಿನ ತುದಿ ತಾನಾಗಿಯೇ ಮೂಗಿನತ್ತ ಹೊರಟಿತು. ಸಭ್ಯತೆ ಅದನ್ನು ಅರ್ಧ ದಾರಿಯಲ್ಲಿ ತಡೆದು ಹಣೆಯ ಬೆವರೊರೆಸುವ ಕೆಲಸಕ್ಕೆ ಹಚ್ಚಿತು. ಮಳೆಗಾಲದ ತಣ್ಣನೆಯ ಮಧ್ಯಾಹ್ನ, ಹಣೆಯಲ್ಲಿ ಬೆವರಿರಲಿಲ್ಲ. ಗೃಹಿಣಿ ಅದನ್ನು ಕಂಡಳು.

"ಬೆಕ್ಕು ಸಾಕಿದ್ದೀಯೇನಮ್ಮ?" ಎಂದರು ಬಂದವರು.

ಆ ಮಾತಿನಲ್ಲಿ ನಿಂದೆಯಿರಲಿಲ್ಲ. ನಿಂದೆಯಿದ್ದಿದ್ದರೆ ಉತ್ತರವಾದರೂ ಕೊಡಬಹುದಾಗಿತ್ತು. ಕಾಫಿ ಕುಡಿದು, ಕುಂಕುಮ ಕೊಟ್ಟು ಅವರು ಹೊರಟುಹೋದ ಮೇಲೆ ಗೃಹಿಣಿ ಬಾಗಿಲು ಹಾಕಿಕೊಂಡು ಸೋಫಾದ ಮೇಲೆ ಕುಳಿತಳು. ಕುಳಿತವಳು ಮತ್ತೆ ಎದ್ದಳು. ಅಂಗೈಯಗಲದ ಜಾಗ ಒದ್ದೆಯಾಗಿತ್ತು. ಎದುರಿನ ಪುಸ್ತಕದ ಕಪಾಟಿನ ಮೇಲೆ ದಿವಾನರು ಕಣ್ಣನ್ನು ಅರ್ಧ ಮುಚ್ಚಿ ವಿರಾಜಮಾನರಾಗಿದ್ದರು.

ದಿವಾನರು ಎಂಬುದು ಆ ಬೆಕ್ಕಿನ ಹೆಸರು. ಬೂದು ಬಣ್ಣದ ಮೈ, ಮೇಲೆ ಕಪ್ಪು ಪಟ್ಟೆಗಳು, ಎದೆಯ ಮೇಲೆ ಮಾತ್ರ ಮಡಿಕೆ ಮುರಿಯದ ಅಂಗವಸ್ತ್ರದಂಥ ಬಿಳಿಯ ಗೆರೆ. ಮೈಸೂರಿನ ಲಕ್ಷ್ಮೀಪುರಂನ ಹಳೆಯ ಮನೆಯಲ್ಲಿ, ಇನ್ನೂ ಮರಿಯಾಗಿದ್ದಾಗಲೇ, ಅದು ನಡುಮನೆಯ ದಿವಾನದ ಮೇಲೇರಿ, ಮುಂಗಾಲುಗಳನ್ನು ಎದೆಯಡಿಯಲ್ಲಿ ಮಡಿಸಿ ಕುಳಿತುಕೊಳ್ಳುತ್ತಿತ್ತು. ಮನೆಯ ಅಜ್ಜಿ ಅದನ್ನು ನೋಡಿ, "ಥೇಟ್ ದಿವಾನರ ಹಾಗೆ ಕೂತಿದೆ ನೋಡು. ಕೈಮುಗಿದು ಒಂದು ಅರ್ಜಿ ಕೊಡೋಣ ಅನ್ನಿಸುತ್ತೆ" ಎಂದಿದ್ದರು. ಹೆಸರು ನಿಂತಿತು, ಹೆಸರಿನ ಜೊತೆಗೆ ಬಹುವಚನವೂ ನಿಂತಿತು.

ಮೈಸೂರಿನ ಮನೆಗೆ ಹಿತ್ತಿಲಿತ್ತು. ಕರಿಬೇವಿನ ಗಿಡ, ಬಾಳೆಯ ಬುಡ, ಬಟ್ಟೆ ಒಗೆಯುವ ಕಲ್ಲು, ಅದರಾಚೆ ಒಂದಿಷ್ಟು ಸಡಿಲ ಮಣ್ಣು. ದಿವಾನರು ಬೆಳಗ್ಗೆ ಬಾಲವನ್ನು ನೆಟ್ಟಗೆ ಎತ್ತಿಕೊಂಡು ಹಿತ್ತಿಲಿಗೆ ದಯಮಾಡಿಸಿ, ಮಣ್ಣು ಕೆದರಿ, ಕೆಲಸ ಮುಗಿಸಿ, ಮತ್ತೆ ಮಣ್ಣೆಳೆದು ಮುಚ್ಚಿ, ಒಮ್ಮೆ ಮೂಸಿ ನೋಡಿ ಸಮಾಧಾನಪಟ್ಟುಕೊಂಡು ಹಿಂದಿರುಗುತ್ತಿದ್ದರು. ಮನೆಯವರು ಯಾರೂ ಅದನ್ನು ಕಲಿಸಿರಲಿಲ್ಲ. ಕಲಿಸಬೇಕಾದುದೂ ಇಲ್ಲ. ಸಾಕುಬೆಕ್ಕಿನ ಪೂರ್ವಿಕ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕದ ಒಣನಾಡುಗಳ ಕಾಡುಬೆಕ್ಕು. ಅದು ಮನುಷ್ಯನ ಕಣಜದ ಇಲಿಗಳನ್ನು ಹಿಂಬಾಲಿಸಿ ಅವನ ಮನೆಗೆ ಬಂದುದು ಹತ್ತಿಪ್ಪತ್ತು ತಲೆಮಾರಿನ ಮಾತಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಿಂದೆ ಒಬ್ಬ ಮನುಷ್ಯನನ್ನು ಹೂಳಿದ ಗುಣಿಯ ಪಕ್ಕದಲ್ಲೇ ಒಂದು ಬೆಕ್ಕನ್ನೂ ಹೂಳಿದ್ದುದನ್ನು ಫ್ರೆಂಚ್ ಪುರಾತತ್ತ್ವಜ್ಞರು 2004ರಲ್ಲಿ ಪ್ರಕಟಿಸಿದರು. ಇಷ್ಟು ಕಾಲ ಮನುಷ್ಯನೊಡನೆ ಬಾಳಿದರೂ ಬೆಕ್ಕು ಮರಳುಗಾಡಿನ ಎರಡು ಅಭ್ಯಾಸಗಳನ್ನು ಬಿಟ್ಟಿಲ್ಲ. ಒಂದು, ಕಡಮೆ ನೀರು ಕುಡಿದು, ಮೂತ್ರವನ್ನು ಬಹಳ ಗಟ್ಟಿಯಾಗಿ ಬಸಿಯುವುದು. ಇನ್ನೊಂದು, ಮರಳಿನಂಥ ಸಡಿಲವಾದ ನೆಲವನ್ನು ಹುಡುಕಿ ಹೂಳುವುದು. ಮೊದಲನೆಯದು ಆ ವಾಸನೆಗೆ ಕಾರಣ. ಎರಡನೆಯದು ಆ ವಾಸನೆ ಮನೆಯನ್ನು ಸೇರದಿರಲು ಕಾರಣ. ಹಿತ್ತಿಲಿದ್ದಷ್ಟು ದಿನ ಎರಡಕ್ಕೂ ಹೊಂದಿಕೆಯಿತ್ತು.

ಯಜಮಾನರಿಗೆ ಬೆಂಗಳೂರಿಗೆ ವರ್ಗವಾಯಿತು. ಹಳೆಯ ಮನೆಯನ್ನು ಮಾರಿದರು. ಕೊಂಡವರು ಕೆಡವಿ ಮಳಿಗೆಗಳನ್ನು ಎಬ್ಬಿಸಿದರು. ಅಜ್ಜಿ, ಅವರ ಮಗನಾದ ಯಜಮಾನರು, ಸೊಸೆ, ಹೈಸ್ಕೂಲಿನಲ್ಲಿ ಓದುವ ಮೊಮ್ಮಗಳು, ಜೊತೆಗೆ ಬೆತ್ತದ ಬುಟ್ಟಿಯಲ್ಲಿ ದಾರಿಯುದ್ದಕ್ಕೂ ಪ್ರತಿಭಟನೆ ಸಲ್ಲಿಸುತ್ತಿದ್ದ ದಿವಾನರು, ಇಷ್ಟೂ ಜನ ಮೂರನೆಯ ಅಂತಸ್ತಿಗೆ ಬಂದು ಸೇರಿದರು. ಮಣ್ಣೆಂಬುದು ಬಾಲ್ಕನಿಯ ತುಳಸಿಯ ಕುಂಡದಲ್ಲಿ ಮಾತ್ರ ಇತ್ತು. ಅದನ್ನು ದಿವಾನರು ಒಮ್ಮೆ ಪರಿಶೀಲಿಸಲು ಹೋಗಿ ಅಜ್ಜಿಯಿಂದ ಬೈಸಿಕೊಂಡರು.

ಮಗಳು ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಟ್ರೇಯನ್ನೂ ಅದಕ್ಕೆ ತುಂಬುವ 'ಲಿಟರ್' ಎಂಬ ಮಣ್ಣಿನ ಚೀಲವನ್ನೂ ತಂದಳು. ಮಣ್ಣನ್ನು ದುಡ್ಡು ಕೊಟ್ಟು ತಂದುದನ್ನು ಕಂಡು ಅಜ್ಜಿಗೆ ನಗು ತಡೆಯಲಾಗಲಿಲ್ಲ. ಅವರ ತೌರುಮನೆಯಲ್ಲಿ ಮಳೆಗಾಲದಲ್ಲಿ ಬೆಕ್ಕಿಗೆಂದು ಬಚ್ಚಲೊಲೆಯ ಬೂದಿಯನ್ನು ಹಳೆಯ ಡಬ್ಬಕ್ಕೆ ತುಂಬಿ ಇಡುತ್ತಿದ್ದರಂತೆ. ಅಮೆರಿಕದವರೂ ಬಹುಕಾಲ ಬೂದಿ ಮರಳುಗಳನ್ನೇ ನೆಚ್ಚಿಕೊಂಡಿದ್ದರು. 1947ರ ಜನವರಿಯಲ್ಲಿ ಮಿಶಿಗನ್ ರಾಜ್ಯದ ಕ್ಯಾಸೊಪೊಲಿಸ್ ಎಂಬ ಸಣ್ಣ ಊರಿನಲ್ಲಿ ಮರಳಿನ ರಾಶಿ ಹಿಮಗಟ್ಟಿಹೋಗಲು, ನೆರೆಯ ಹೆಂಗಸೊಬ್ಬಳು ಬೆಕ್ಕಿಗಾಗಿ ಮರಳು ಕೇಳಿಕೊಂಡು ಎಡ್ವರ್ಡ್ ಲೋ ಎಂಬಾತನ ಬಳಿಗೆ ಬಂದಳು. ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆಯನ್ನು ಹೀರಿಸುವ ಸಾಮಗ್ರಿ ಮಾರುವುದು ಅವನ ಕುಟುಂಬದ ವ್ಯಾಪಾರ. ಅವನು ಮರಳಿನ ಬದಲು ಹೀರುಗುಣವುಳ್ಳ ಒಂದು ಜೇಡಿಮಣ್ಣನ್ನು ಕೊಟ್ಟು ಕಳಿಸಿದ. ಆಕೆ ಮತ್ತೆ ಮತ್ತೆ ಅದನ್ನೇ ಕೇಳಿ ಬಂದಾಗ, ಐದೈದು ಪೌಂಡಿನ ಚೀಲ ಕಟ್ಟಿ ಮಾರತೊಡಗಿದ. ಆ ಮಣ್ಣು ಬೇರೇನೂ ಅಲ್ಲ, ನಮ್ಮ ಹೆಣ್ಣುಮಕ್ಕಳು ಮುಖಕಾಂತಿಗೆಂದು ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯ ಜಾತಿಗೇ ಸೇರಿದ್ದು. ಒದ್ದೆಯಾದೊಡನೆ ಉಂಡೆಗಟ್ಟುವ ಬೆಂಟೊನೈಟ್ ಮಣ್ಣು ಬಳಕೆಗೆ ಬಂದುದು 1980ರ ದಶಕದಲ್ಲಿ. ಉಂಡೆಯನ್ನು ಜಾಲರಿಯ ಸೌಟಿನಿಂದ ಎತ್ತಿ ಬಿಸುಟರೆ ಉಳಿದ ಮಣ್ಣು ಹಾಗೆಯೇ ಇರುತ್ತದೆ. ಬಿಸುಡುವಾಗ ಕಕ್ಕಸಿಗೆ ಸುರಿಯಬಾರದು, ಅಷ್ಟೆ. ಆ ಮನೆಯ ಮಗಳು ಒಮ್ಮೆ ಸುರಿದಳು; ಒಳಗೆ ಹೋದ ಉಂಡೆ ಇನ್ನಷ್ಟು ನೀರು ಕುಡಿದು ಉಬ್ಬಿಕೊಂಡು, ಕೊಳಾಯಿಯವನು ಬಂದು ಅರ್ಧ ದಿನ ತಡಕಾಡಬೇಕಾಯಿತು.

ಮೂರು ತಿಂಗಳು ಎಲ್ಲವೂ ಸರಿಯಾಗಿತ್ತು. ಅಡಿಗೆಮನೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಟ್ರೇಯನ್ನು ಇರಿಸಿದ್ದರು. ದಿವಾನರು ಕಾಲಕಾಲಕ್ಕೆ ಅಲ್ಲಿಗೆ ಬಿಜಯಂಗೈದು ಬರುತ್ತಿದ್ದರು. ಆಮೇಲೆ ಒಂದು ದಿನ ಬಾಗಿಲ ಕಾಲೊರಸು ಒದ್ದೆಯಾಗಿತ್ತು. ಮರುದಿನ ಬಚ್ಚಲಿನ ತೂಬಿನ ಬಳಿ. ವಾರ ಕಳೆಯುವುದರೊಳಗೆ ಒಗೆಯಲು ಹಾಕಿದ್ದ ಬಟ್ಟೆಯ ರಾಶಿ, ಯಜಮಾನರು ಇನ್ನೂ ಓದದಿದ್ದ ದಿನಪತ್ರಿಕೆ, ಕೊನೆಗೆ ಗಂಡಹೆಂಡಿರ ಹಾಸಿಗೆ, ಹೀಗೆ ಒಂದಾದ ಮೇಲೊಂದು ಪ್ರಾಂತ ದಿವಾನರ ಆಡಳಿತಕ್ಕೆ ಒಳಪಟ್ಟಿತು. ಟ್ರೇ ಮಾತ್ರ ಎರಡು ಹೆಜ್ಜೆಯಾಚೆ ಒಣಗಿಕೊಂಡಿತ್ತು.

ಕಾರಣವೇನೆಂಬುದರ ಬಗೆಗೆ ಮನೆಯಲ್ಲಿ ಮೂರು ಮತಗಳು ಹುಟ್ಟಿದವು. ಯಜಮಾನರದು ದ್ವೇಷವಾದ. ತಾವು ಒಂದು ರಾತ್ರಿ ಮೇಜಿನ ಮೇಲಿನ ಮೀನಿನ ಎಣ್ಣೆಯ ಗುಳಿಗೆಯ ಶೀಶೆ ಉರುಳಿಸಿದ್ದಕ್ಕೆ ಗದರಿದ್ದುದನ್ನು ನೆನಪಿನಲ್ಲಿಟ್ಟುಕೊಂಡು ಬೆಕ್ಕು ಸೇಡು ತೀರಿಸಿಕೊಳ್ಳುತ್ತಿದೆಯೆಂದು ಅವರ ದೃಢವಾದ ನಂಬಿಕೆ; ದಿನಪತ್ರಿಕೆಯೇ ಇದಕ್ಕೆ ಸಾಕ್ಷಿ. ಅಜ್ಜಿಯದು ಮುನಿಸಿನ ವಾದ: "ಮನೆ ಬಿಡಿಸಿಕೊಂಡು ಬಂದದ್ದಕ್ಕೆ ಅದಕ್ಕೆ ಸಂಕಟ ಕಣೋ. ನನಗಾಗಿಲ್ಲವೇ?" ಕೆಳಗಿನ ಅಂತಸ್ತಿನವರೊಬ್ಬರು ಇದು ಗಂಡುಬೆಕ್ಕಿನ ಗುರುತು ಹಾಕುವ ಚಾಳಿಯೆಂದು ತೀರ್ಪಿತ್ತರು. ಆ ಚಾಳಿ ಇರುವುದೇನೋ ದಿಟ. ಹಾಗೆ ಗುರುತು ಹಾಕುವ ಬೆಕ್ಕು ಕುಳಿತುಕೊಳ್ಳುವುದಿಲ್ಲ. ಗೋಡೆಗೆ ಬೆನ್ನು ಮಾಡಿ ನಿಂತು, ಬಾಲವನ್ನು ನಿಮಿರಿಸಿ ನಡುಗಿಸುತ್ತ, ಸ್ವಲ್ಪವೇ ಸಿಂಪಡಿಸುತ್ತದೆ. ಮರಿಯಾಗಿದ್ದಾಗಲೇ ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಹತ್ತಕ್ಕೆ ಒಂದರಂತೆ ಮಾತ್ರ ಈ ಚಾಳಿ ಉಳಿಯುತ್ತದೆ. ದಿವಾನರಿಗೆ ಮೈಸೂರಿನಲ್ಲೇ ಆ ಚಿಕಿತ್ಸೆಯಾಗಿತ್ತು. ಅವರು ಎಲ್ಲೆಲ್ಲಿಯೂ ನೆಲಕ್ಕೆ ಕುಳಿತೇ ಈ ಅಕೃತ್ಯವನ್ನು ಎಸಗುತ್ತಿದ್ದರು. ಇಷ್ಟನ್ನು ಗಮನಿಸಿದ್ದರೆ ಬಹಳ ಮುಂಚೆಯೇ ಬೇರೆ ದಾರಿ ತೋರುತ್ತಿತ್ತು. ಆದರೆ ನಾರುವ ಮನೆಯಲ್ಲಿ ನಿಂತು ನೋಡಿ ತಿಳಿಯುವ ತಾಳ್ಮೆ ಯಾರಿಗಿರುತ್ತದೆ?

ಚಿಕಿತ್ಸೆಗಳಿಗಂತೂ ಕೊರತೆಯಾಗಲಿಲ್ಲ. ಯಜಮಾನರು ಒದ್ದೆಯಾದ ಜಾಗಕ್ಕೆ ಬೆಕ್ಕಿನ ಮೂತಿಯನ್ನು ಉಜ್ಜಿದರು. ಇದು ಎಲ್ಲರೂ ಬಲ್ಲ ಉಪಾಯ, ಎಲ್ಲ ಕಡೆಯೂ ಸೋತಿರುವ ಉಪಾಯ. ಗಂಟೆಯ ಹಿಂದೆ ನಡೆದುದಕ್ಕೂ ಈಗ ಬಿದ್ದ ಏಟಿಗೂ ಬೆಕ್ಕು ಸಂಬಂಧ ಕಲ್ಪಿಸಲಾರದು. ಕಲ್ಪಿಸಿಕೊಳ್ಳುವುದಾದರೆ, ಈ ಮನುಷ್ಯ ಹತ್ತಿರ ಬಂದರೆ ಅಡಗಿಕೊಳ್ಳಬೇಕೆಂಬುದನ್ನಷ್ಟೇ. ದಿವಾನರು ಮಂಚದ ಕೆಳಗೆ ಅಡಗಿದರು. ಅಲ್ಲಿಯೂ ಒದ್ದೆ ಮಾಡಿದರು. ಗೃಹಿಣಿ ಫಿನಾಯಿಲು ತಂದು ಮನೆಯ ಮೂಲೆಮೂಲೆಯನ್ನೂ ಒರೆಸಿದಳು. ಫೀನಾಲಿನ ಬಗೆಯ ದ್ರವ್ಯಗಳನ್ನು ಕಟ್ಟಿ ಹೊರಗೆ ಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಮೆ. ಒರೆಸಿದ ನೆಲದ ಮೇಲೆ ನಡೆದು, ಆಮೇಲೆ ಪಾದ ನೆಕ್ಕಿಕೊಳ್ಳುವ ಪ್ರಾಣಿಗೆ ಅದು ವಿಷ. ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿಗೆ ಮಾರಕವಾಗುವುದಕ್ಕೂ ಈ ಕೊರತೆಯೇ ಮುಖ್ಯ ಕಾರಣ. ಪಾಪ, ಆಕೆಗೆ ಇದು ಗೊತ್ತಿರಲಿಲ್ಲ. ಅಮೋನಿಯ ಬೆರೆತ ಮತ್ತೊಂದು ದ್ರವವನ್ನೂ ತಂದಳು. ಮೂತ್ರ ಹಳಸಿದಾಗ ಹುಟ್ಟುವುದೂ ಅಮೋನಿಯವೇ. ಒರೆಸಿದ ಜಾಗವೆಲ್ಲ ಬೆಕ್ಕಿನ ಮೂಗಿಗೆ 'ಇಲ್ಲಿಯೇ' ಎಂದು ಹಲಗೆ ಬರೆದು ನಿಲ್ಲಿಸಿದಂತಾಯಿತು. ಅಮೋನಿಯವಲ್ಲದೆ ಬೆಕ್ಕಿನ ಮೂತ್ರದಲ್ಲಿ ಫೆಲಿನೀನ್ ಎಂಬ ಗಂಧಕಯುಕ್ತವಾದ ಪದಾರ್ಥವೊಂದಿದೆ. ಅದು ಒಡೆದು ಹೊರಬರುವ ವಾಸನೆ ದಿನ ಕಳೆದಂತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಸಾಬೂನಿನಿಂದ ತೊಳೆದು ಒಣಗಿಸಿದ ಹಾಸಿಗೆ ಬಿಸಿಲಿರುವಷ್ಟು ಹೊತ್ತು ನಿರಪರಾಧಿಯಂತೆ ಇದ್ದು, ಮೋಡ ಕವಿದು ತೇವವೇರಿದೊಡನೆ ತನ್ನ ಕತೆಯನ್ನೆಲ್ಲ ಹೇಳಿಬಿಡುತ್ತಿತ್ತು. ಲಗ್ನಪತ್ರಿಕೆ ಬಂದುದು ಅಂಥದೊಂದು ಮೋಡದ ದಿನ.

ಆ ರಾತ್ರಿ ಊಟದ ಹೊತ್ತಿಗೆ ಗೃಹಿಣಿ ಮೆಲ್ಲಗೆ, "ನನ್ನ ಕೈಲಿ ಇನ್ನು ಆಗೋಲ್ಲ ರೀ" ಎಂದಳು.

ಆ ಮಾತನ್ನು ಹಗುರವಾಗಿ ಎಣಿಸುವಂತಿಲ್ಲ. ಬೆಕ್ಕನ್ನು ಮುದ್ದಾಡುವವರು ಮನೆಯಲ್ಲಿ ಮೂವರು. ಹಚ್ಚಡ ಒಗೆಯುವವಳು ಒಬ್ಬಳು. ವಾರಕ್ಕೆ ಮೂರು ಸಲ ಹಾಸಿಗೆಯ ಬಟ್ಟೆಗಳನ್ನು ನೆನೆಹಾಕಿ, ಬೆಳಗ್ಗೆ ಕೆಲಸಕ್ಕೆ ಓಡಿ, ಸಂಜೆ ಬಂದು ಮತ್ತೆ ಮೂಗಿನಿಂದ ಮನೆಯನ್ನೆಲ್ಲ ತಪಾಸಣೆ ಮಾಡುವುದೆಂದರೆ ಸಾಮಾನ್ಯವಲ್ಲ. ಯಜಮಾನರು ಅನ್ನ ಕಲಸುವುದನ್ನು ನಿಲ್ಲಿಸಿ, "ಸರಿ. ಭಾನುವಾರ ಮೈಸೂರಿಗೆ ಹೋಗುವುದಿದೆಯಲ್ಲ. ಹಳೆಯ ಬೀದಿಯಲ್ಲೇ ಬಿಟ್ಟು ಬರುತ್ತೇನೆ. ಗೊತ್ತಿರುವ ಜಾಗ, ಬದುಕಿಕೊಳ್ಳುತ್ತದೆ" ಎಂದರು.

"ಅಲ್ಲಿ ಮನೆಯೇ ಇಲ್ಲವಲ್ಲ ಅಪ್ಪ" ಎಂದಳು ಮಗಳು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅವಳು ತಟ್ಟೆ ಬಿಟ್ಟು ಎದ್ದಳು.

ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವುದು ನಮ್ಮಲ್ಲಿ ಎಷ್ಟು ಹಳೆಯ ಪದ್ಧತಿಯೆಂದರೆ ಅದನ್ನು ಯಾರೂ ಕ್ರೌರ್ಯವೆಂದು ಎಣಿಸುವುದೇ ಇಲ್ಲ. ಬಿಟ್ಟ ಬೆಕ್ಕು ಮೂರನೆಯ ದಿನ ಹಿತ್ತಿಲ ಗೋಡೆಯ ಮೇಲೆ ಪ್ರತ್ಯಕ್ಷವಾದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಬಾರದೆ ಹೋದ ಬೆಕ್ಕುಗಳಿಗೆ ಕತೆಯಿಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಯಜಮಾನರು ಆಫೀಸಿನಲ್ಲಿ ಕಾಯಿದೆ ಕಾನೂನುಗಳನ್ನು ಬಹಳ ಎಚ್ಚರದಿಂದ ಪಾಲಿಸುವವರು. ಇದೊಂದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಶನಿವಾರ ಸಂಜೆ ಗೋಣಿಚೀಲವನ್ನೂ ಒಂದು ಮಾರು ಹುರಿಯನ್ನೂ ತಂದು ಬಾಗಿಲ ಮರೆಯಲ್ಲಿ ಇಟ್ಟರು.

ಅಜ್ಜಿಗೆ ನಿದ್ದೆ ಕಡಮೆ. ಆ ರಾತ್ರಿ ಎರಡು ಗಂಟೆಯ ವೇಳೆಗೆ ಅವರು ಬಚ್ಚಲಿಗೆಂದು ಎದ್ದರು. ಹಜಾರದ ಮಂದವಾದ ದೀಪದಲ್ಲಿ ದಿವಾನರು ಟ್ರೇಯೊಳಗೆ ಕುಳಿತಿದ್ದುದು ಕಾಣಿಸಿತು. ಅಜ್ಜಿಗೆ ಸಂತೋಷವಾಯಿತು, ಕೊನೆಯ ಗಳಿಗೆಯಲ್ಲಿ ಬುದ್ಧಿ ಬಂತಲ್ಲ ಎಂದುಕೊಂಡರು. ಆದರೆ ಬೆಕ್ಕು ಕುಳಿತೇ ಇತ್ತು. ಬೆನ್ನು ಗೂನಾಗಿತ್ತು. ಎದ್ದು, ನಾಲ್ಕು ಹೆಜ್ಜೆ ನಡೆದು, ತಣ್ಣನೆಯ ಟೈಲಿನ ಮೇಲೆ ಮತ್ತೆ ಕುಳಿತಿತು. ಒಂದು ಕೂಗು ಕೂಗಿತು. ಹಸಿದಾಗಿನ ಕೂಗಲ್ಲ, ಬಾಗಿಲು ತೆರೆಯೆನ್ನುವ ಕೂಗೂ ಅಲ್ಲ. ಅಜ್ಜಿ ಮಂಡಿ ಹಿಡಿದುಕೊಂಡು ಬಗ್ಗಿ ನೋಡಿದರು. ನೆಲದ ಮೇಲೆ ಒಂದೇ ಒಂದು ಹನಿ. ಅದೂ ಕುಂಕುಮದ ನೀರಿನಂತೆ ಕೆಂಪಗೆ.

ಅವರು ಹೋಗಿ ಮಗನ ಕೋಣೆಯ ಬಾಗಿಲು ಬಡಿದರು.

"ಏಳೋ. ಅದು ಹಟ ಮಾಡ್ತಾ ಇಲ್ಲವೋ. ಅದಕ್ಕೆ ಮೂತ್ರ ಕಟ್ಟಿದೆ. ನಿಮ್ಮಪ್ಪನಿಗೆ ಕೊನೇಲಿ ಹೀಗೇ ಆಗಿತ್ತು. ನಾನು ನೋಡಿದ್ದೇನೆ, ಏಳು."

ಯಜಮಾನರು ಎದ್ದು ಬಂದು ಬೆಕ್ಕನ್ನು ನೋಡಿದರು. ತಾಯಿಯ ಮುಖವನ್ನು ನೋಡಿದರು. ಬೆತ್ತದ ಬುಟ್ಟಿ ಅಟ್ಟದ ಮೇಲಿತ್ತು. ಕೈಗೆ ಸಿಕ್ಕಿದುದು ಬಾಗಿಲ ಮರೆಯ ಗೋಣಿಚೀಲ. ಅದನ್ನೇ ಮಡಿಸಿ ರಟ್ಟಿನ ಪೆಟ್ಟಿಗೆಯೊಂದರ ತಳಕ್ಕೆ ಹಾಸಿ, ಅದರ ಮೇಲೆ ಬೆಕ್ಕನ್ನು ಮಲಗಿಸಿ, ರಾತ್ರಿಯೆಲ್ಲ ತೆರೆದಿರುವ ಪಶುಚಿಕಿತ್ಸಾಲಯವೊಂದಕ್ಕೆ ಕಾರು ಓಡಿಸಿದರು. ಮಗಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ದಾರಿಯಲ್ಲಿ ಬೆಕ್ಕು ಪ್ರತಿಭಟಿಸಲಿಲ್ಲ. ಅದೇ ಅವಳಿಗೆ ಹೆಚ್ಚಿನ ಭಯವನ್ನುಂಟುಮಾಡಿತು.

ವೈದ್ಯೆ ಚಿಕ್ಕ ವಯಸ್ಸಿನವರು. ಹೊಟ್ಟೆಯನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿದರು, ಮುಖ ಬಿಗಿಯಿತು. ಮೂತ್ರಕೋಶ ಕಲ್ಲಿನಂತೆ ಗಟ್ಟಿಯಾಗಿತ್ತು. ಗಂಡುಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಉರಿಯೂತದಿಂದ ಬರುವ ಲೋಳೆ, ಸಣ್ಣ ಹರಳು, ಇಷ್ಟು ಸಾಕು ಅದು ಮುಚ್ಚಿಹೋಗುವುದಕ್ಕೆ. ಮುಚ್ಚಿಹೋದರೆ ಮೂತ್ರಪಿಂಡಗಳು ಸೋಲುತ್ತವೆ. ರಕ್ತದಲ್ಲಿ ಪೊಟಾಸಿಯಂ ಏರುತ್ತದೆ. ಹೃದಯದ ಬಡಿತ ತಪ್ಪುತ್ತದೆ. ಎರಡು ಮೂರು ದಿನಗಳೊಳಗೆ ಎಲ್ಲ ಮುಗಿಯುತ್ತದೆ. ಹೆಣ್ಣುಬೆಕ್ಕಿಗೆ ಈ ಗಂಡಾಂತರ ಅಪರೂಪ.

"ಯಾವಾಗಿನಿಂದ ಹೀಗೆ ಕೂತು ಕೂತು ಏಳ್ತಾ ಇದೆ ಸರ್?" ಎಂದು ವೈದ್ಯೆ ಕೇಳಿದರು.

ಯಜಮಾನರು ಮಗಳ ಕಡೆ ನೋಡಿದರು. ಬೆಕ್ಕು ಎಲ್ಲೆಲ್ಲಿ ಮೂತ್ರ ಮಾಡಿತೆಂಬ ಪಟ್ಟಿ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಹೇಗೆ ಮಾಡಿತು, ಎಷ್ಟು ಮಾಡಿತು ಎಂಬುದನ್ನು ನೋಡಿದವರು ಯಾರೂ ಇರಲಿಲ್ಲ.

ಅರಿವಳಿಕೆ ಕೊಟ್ಟು, ನೂಲಿನಂಥ ಕೊಳವೆಯನ್ನು ಮೂತ್ರನಾಳದೊಳಕ್ಕೆ ಇಳಿಸಿ ತಡೆ ಬಿಡಿಸುವ ಹೊತ್ತಿಗೆ ನಾಲ್ಕು ಗಂಟೆ. ಬೆಕ್ಕನ್ನು ಮೂರು ದಿನ ಅಲ್ಲಿಯೇ ಇರಿಸಿಕೊಂಡರು. ಭಾನುವಾರದ ಮೈಸೂರಿನ ಪ್ರಯಾಣ ನಿಂತಿತು.

ಬಿಟ್ಟು ಕಳಿಸುವ ದಿನ ವೈದ್ಯೆ ಬಿಡುವಾಗಿ ಮಾತನಾಡಿದರು. ಹರೆಯದ ಬೆಕ್ಕುಗಳಲ್ಲಿ ಮೂತ್ರಕೋಶದ ಈ ಉರಿಯೂತಕ್ಕೆ ಬಹುಮಟ್ಟಿಗೆ ರೋಗಾಣು ಕಾರಣವಲ್ಲ. ಪರೀಕ್ಷೆಯಲ್ಲಿ ಏನೂ ಸಿಕ್ಕುವುದಿಲ್ಲ. ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಆದರೆ ಮನೆ ಬದಲಾಯಿಸಿದುದು, ಹೊಸಬರು ಬಂದುದು, ಗದರಿಕೆ, ಹೊತ್ತುಗೊತ್ತಿನ ಏರುಪೇರು, ಇವುಗಳಿಂದ ಹುಟ್ಟುವ ಕಳವಳಕ್ಕೂ ಈ ರೋಗಕ್ಕೂ ನಂಟಿದೆ. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಟೋನಿ ಬಫಿಂಗ್‌ಟನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ: ಊಟದ ಹೊತ್ತು, ನೋಡಿಕೊಳ್ಳುವ ಜನ ಬದಲಾದಾಗ, ರೋಗವಿದ್ದ ಬೆಕ್ಕುಗಳಷ್ಟೇ ಅಲ್ಲ, ಆರೋಗ್ಯವಾಗಿದ್ದ ಬೆಕ್ಕುಗಳೂ ಅನ್ನ ಬಿಟ್ಟವು, ಟ್ರೇಯಿಂದ ಹೊರಗೆ ವಿಸರ್ಜಿಸಿದವು. ಅಜ್ಜಿಯ ಮುನಿಸಿನ ವಾದಕ್ಕೆ ಇದರಿಂದ ಮುಕ್ಕಾಲು ಪಾಲು ಪುಷ್ಟಿ ಸಿಕ್ಕಿದಂತಾಯಿತು. ಅವರು ಅದನ್ನು ಮುಂದೆ ಹಲವರಿಗೆ ಹೇಳಿದರು.

"ಸರಿ, ಆದರೆ ಟ್ರೇ ಯಾಕೆ ಬಿಡಬೇಕು?" ಎಂದರು ಯಜಮಾನರು. ಅವರ ದ್ವೇಷವಾದ ಇನ್ನೂ ಪೂರ್ತಿ ಸತ್ತಿರಲಿಲ್ಲ.

"ತೆನಾಲಿ ರಾಮಕೃಷ್ಣನ ಬೆಕ್ಕು ಗೊತ್ತಲ್ಲ ಸರ್?" ಎಂದು ವೈದ್ಯೆ ನಕ್ಕರು.

ಯಾರಿಗೆ ಗೊತ್ತಿಲ್ಲ? ಕೃಷ್ಣದೇವರಾಯ ಬೆಕ್ಕು ಸಾಕಲೆಂದು ಮನೆಮನೆಗೂ ಹಸು ಕೊಟ್ಟ. ಎಲ್ಲರ ಬೆಕ್ಕೂ ಕೊಬ್ಬಿತು. ರಾಮಕೃಷ್ಣನ ಬೆಕ್ಕು ಮಾತ್ರ ಬಡಕಲಾಗಿ, ಹಾಲು ಕಂಡೊಡನೆ ಓಡಿತು. ಮೊದಲ ದಿನವೇ ಅವನು ಕುದಿಯುವ ಹಾಲನ್ನು ಮುಂದಿಟ್ಟು ಅದರ ನಾಲಗೆ ಸುಟ್ಟಿದ್ದ. ಆ ಕತೆ ಕೇಳಿ ತಲೆತಲಾಂತರದಿಂದ ಮಕ್ಕಳು ನಕ್ಕಿದ್ದಾರೆ. ಬೆಕ್ಕಿನ ನಾಲಗೆಯನ್ನು ಯಾರೂ ಯೋಚಿಸಿದಂತಿಲ್ಲ. ದಿವಾನರಿಗೂ ಆದುದು ಅದೇ. ಟ್ರೇಗೆ ಹೋದಾಗ ಉರಿಯಿತು. ಮತ್ತೊಮ್ಮೆ ಹೋದಾಗ ಮತ್ತೂ ಉರಿಯಿತು. ಉರಿ ತನ್ನ ಒಳಗಿದೆಯೆಂದು ಬೆಕ್ಕು ಅರಿಯದು. ಅದರ ಲೆಕ್ಕದಲ್ಲಿ ಕಚ್ಚಿದುದು ಟ್ರೇ. ಆದುದರಿಂದ ಕಚ್ಚದ ಜಾಗ ಹುಡುಕಿತು. ಮೆತ್ತಗಿರುವ ಬಟ್ಟೆಯ ರಾಶಿ, ಹಾಸಿಗೆ, ತಣ್ಣನೆಯ ಟೈಲು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಗಾದೆ. ಇಲ್ಲಿ ಪ್ರಾಣಸಂಕಟ ಬೆಕ್ಕಿನದು. ಅದನ್ನು ಚೆಲ್ಲಾಟವೆಂದು ತಿಳಿದವರು ಮನೆಯವರು.

ಟ್ರೇಯ ಮೇಲೂ ಆರೋಪಗಳಿದ್ದವು. ಬಟ್ಟೆ ಒಗೆಯುವ ಯಂತ್ರ ಕೊನೆಯ ಸುತ್ತಿನಲ್ಲಿ ಗುಡುಗುತ್ತ ನೆಲವನ್ನೇ ನಡುಗಿಸುತ್ತಿತ್ತು. ಟ್ರೇ ಅದರ ಪಕ್ಕದಲ್ಲೇ. ಅದರ ಅಳತೆ ಮರಿಗೆ ಸರಿ. ದಿವಾನರ ಘನತೆಗೆ ಸಾಲದು. ಮಣ್ಣು ಮಲ್ಲಿಗೆಯ ಪರಿಮಳದ್ದು. ಆ ಪರಿಮಳ ಮನುಷ್ಯರ ಮೂಗಿಗಾಗಿ ಬೆರೆಸಿದ್ದು. ಬೆಕ್ಕಿನ ಮೂಗು ಅದನ್ನು ಸಹಿಸದೆ ಹೋಗಬಹುದು. ಶುಚಿ ಮಾಡುತ್ತಿದ್ದುದು ಎರಡು ದಿನಕ್ಕೊಮ್ಮೆ. ಒಂದು ಬೆಕ್ಕಿಗೆ ಎರಡು ಟ್ರೇ, ಎರಡು ಬೆಕ್ಕಿಗೆ ಮೂರು. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಹೆಚ್ಚು, ಅವೂ ಬೇರೆಬೇರೆ ಮೂಲೆಗಳಲ್ಲಿ ಎಂದು ವೈದ್ಯೆ ಹೇಳಿದಾಗ ಯಜಮಾನರು, "ನಮಗೇ ಇರುವುದು ಎರಡು ಬಚ್ಚಲು" ಎಂದರು.

ಆದರೂ ಮಾಡಿದರು. ಬಟ್ಟೆ ನೆನೆಹಾಕುವ ಅಗಲವಾದ ಟಬ್ಬುಗಳೆರಡನ್ನು ತಂದು, ಒಂದು ಬದಿಯ ಅಂಚನ್ನು ತಗ್ಗಾಗಿ ಕತ್ತರಿಸಿ, ಪರಿಮಳವಿಲ್ಲದ ನುಣ್ಣನೆಯ ಮಣ್ಣನ್ನು ಮೂರು ಅಂಗುಲ ತುಂಬಿದರು. ಒಂದನ್ನು ಬಾಲ್ಕನಿಯ ಮೂಲೆಯಲ್ಲಿ, ಇನ್ನೊಂದನ್ನು ಅಜ್ಜಿಯ ಕೋಣೆಯ ಹೊರಗೆ ಇಟ್ಟರು. ಫಿನಾಯಿಲು ಹೊರಗೆ ಹೋಯಿತು. ಮೂತ್ರದ ಅಂಶಗಳನ್ನು ಕಿಣ್ವದಿಂದ ಒಡೆಯುವ ದ್ರಾವಣ ಬಂತು. ಅದನ್ನು ಒದ್ದೆಯಾದ ಜಾಗದ ಆಳಕ್ಕೆ ಇಳಿಯುವಂತೆ ಸುರಿದು ತಾನಾಗಿ ಒಣಗಲು ಬಿಡಬೇಕು. ಕೂಡಲೆ ಒರೆಸಿದರೆ ಪ್ರಯೋಜನವಿಲ್ಲ. ಸೋಫಾ ಉಳಿಯಿತು, ಹಾಸಿಗೆ ಉಳಿಯಲಿಲ್ಲ. ನೀರಿನ ಬಟ್ಟಲು ಒಂದಿದ್ದುದು ನಾಲ್ಕಾಯಿತು. ಒಣ ಆಹಾರಕ್ಕೆ ಬದಲಾಗಿ ನೀರಿನಂಶವುಳ್ಳ ಆಹಾರ ಬಂತು. ಮೂತ್ರ ತೆಳುವಾದಷ್ಟೂ ಒಳ್ಳೆಯದಂತೆ. ಬೀದಿ ಕಾಣುವ ಕಿಟಕಿಗೆ ಮಗಳು ಒಂದು ಹಲಗೆ ಹೊಡೆಸಿದಳು. ಎದುರಿನ ಹೊಂಗೆಯ ಮರದ ಅಳಿಲುಗಳ ಆಡಳಿತವನ್ನು ದಿವಾನರು ಅಲ್ಲಿಂದ ವಿಚಾರಿಸಿಕೊಳ್ಳತೊಡಗಿದರು.

ಇದರಿಂದ ಎಲ್ಲವೂ ಒಮ್ಮೆಗೇ ನೆಟ್ಟಗಾಯಿತೆಂದಲ್ಲ. ಹದಿನೈದು ದಿನಗಳ ಮೇಲೆ ದಿನಪತ್ರಿಕೆ ಮತ್ತೆ ಒದ್ದೆಯಾಯಿತು. ಯಜಮಾನರು ಕೈ ಎತ್ತಲಿಲ್ಲ. ಪತ್ರಿಕೆಯನ್ನು ತುದಿಬೆರಳಿನಿಂದ ಎತ್ತಿ, ಬೆಳಕಿಗೆ ಹಿಡಿದು, ಕಲೆಯ ಅಗಲ ಎಷ್ಟು, ಬಣ್ಣ ಎಂಥದು ಎಂದು ಪರೀಕ್ಷಿಸಿದರು. "ಅಂಗೈಯಷ್ಟಿದೆ, ಕೆಂಪಿಲ್ಲ" ಎಂದು ಹೆಂಡತಿಗೆ ವರದಿ ಮಾಡಿದರು. ಗೃಹಿಣಿ ದೋಸೆಯ ಕಾವಲಿಯಿಂದ ಕಣ್ಣೆತ್ತದೆ, "ಸದ್ಯ" ಎಂದಳು. ಟಬ್ಬುಗಳನ್ನು ಬೆಳಗ್ಗೆ ಸಂಜೆ ಶುಚಿ ಮಾಡುವ ಕೆಲಸವನ್ನು ಅವರು ತಾವಾಗಿಯೇ ವಹಿಸಿಕೊಂಡಿದ್ದರು. ಪಶ್ಚಾತ್ತಾಪವೆಂಬ ಮಾತು ಅವರ ಬಾಯಿಂದ ಬರಲಿಲ್ಲ. ಉಂಡೆಗಳನ್ನು ಎಣಿಸಿ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು: ಎರಡು, ಮೂರು, ಎರಡು. ಸೊನ್ನೆ ಬಂದ ದಿನ ವೈದ್ಯೆಗೆ ಫೋನ್ ಮಾಡಬೇಕೆಂದು ಆಜ್ಞೆಯಾಗಿತ್ತು. ಗೋಣಿಚೀಲ ಪೆಟ್ಟಿಗೆಯ ಸಮೇತ ದಿವಾನರ ಸ್ವತ್ತಾಯಿತು. ಎಷ್ಟು ಒಳ್ಳೆಯ ಹಾಸಿಗೆ ತಂದರೂ ಅವರು ಅದರ ಮೇಲೆಯೇ ಮಲಗುತ್ತಾರೆ.

ಅಜ್ಜಿಗೆ ಈಗಲೂ ಎರಡು ಗಂಟೆಯ ಹೊತ್ತಿಗೆ ಎಚ್ಚರವಾಗುತ್ತದೆ. ಏಳುವುದಿಲ್ಲ, ಕತ್ತಲಲ್ಲಿ ಕಿವಿಗೊಟ್ಟು ಮಲಗಿರುತ್ತಾರೆ. ಸ್ವಲ್ಪ ಹೊತ್ತಿಗೆ ಬಾಗಿಲ ಹೊರಗೆ ಮೆತ್ತನೆಯ ಹೆಜ್ಜೆ, ಆಮೇಲೆ ಮಣ್ಣು ಕೆದರುವ ಸದ್ದು, ಒಂದಿಷ್ಟು ಮೌನ, ಮತ್ತೆ ಮಣ್ಣೆಳೆದು ಮುಚ್ಚುವ ಸದ್ದು. ಹಿತ್ತಿಲಿನಲ್ಲಿ ಕೇಳುತ್ತಿದ್ದಂತೆಯೇ. ಅಜ್ಜಿ ಮಗ್ಗುಲು ಬದಲಿಸಿ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಳ್ಳುತ್ತಾರೆ.